ಮಸುಕಾಗುವ ಮೊದಲೇ ಬದಲಾಗುವ ಪಠ್ಯ: ವೆಬ್ ಪುಟದ ಅನಿಮೇಷನ್ ಕ್ರಮದೋಷ ಪತ್ತೆಹಚ್ಚುವ ಬಗೆ

ಒಂದು ರಸಪ್ರಶ್ನೆಯ ಪುಟವನ್ನು ತೆಗೆದುಕೊಳ್ಳೋಣ. ನಡುವೆ ಒಂದು ಚೌಕ, ಅದರಲ್ಲಿ ಪ್ರಶ್ನೆ ಮತ್ತು ನಾಲ್ಕು ಆಯ್ಕೆಗಳು, ಕೆಳಗೆ ‘ಮುಂದಿನ ಪ್ರಶ್ನೆ’ ಎಂಬ ಬಟನ್. ಬಟನ್ ಒತ್ತಿದಾಗ ಹಳೆಯ ಪ್ರಶ್ನೆ ಮೆಲ್ಲಗೆ ಮಸುಕಾಗಿ ಮರೆಯಾಗಬೇಕು, ಪೂರ್ತಿ ಮರೆಯಾದ ಮೇಲೆ ಚೌಕದೊಳಗಿನ ಪಠ್ಯ ಬದಲಾಗಬೇಕು, ಆಮೇಲೆ ಹೊಸ ಪ್ರಶ್ನೆ ಮೆಲ್ಲಗೆ ಮೂಡಬೇಕು. ಹೇಳುವುದಕ್ಕೆ ಮೂರೇ ಹೆಜ್ಜೆ. ಆದರೆ ಇಂಥ ಪುಟಗಳಲ್ಲಿ ಪದೇ ಪದೇ ಕಾಣುವುದು ಬೇರೆಯೇ. ಕೆಲವೊಮ್ಮೆ ಹೊಸ ಪ್ರಶ್ನೆ ಒಮ್ಮೆಲೇ ಬಂದು, ಆ ಹೊಸ ಪ್ರಶ್ನೆಯೇ ಮಸುಕಾಗಿ ಮತ್ತೆ ಮೂಡುತ್ತದೆ. ಕೆಲವೊಮ್ಮೆ ಚೌಕ ಮರೆಯಾಗಿ ಮರಳಿ ಬರುವುದೇ ಇಲ್ಲ. ಒಂದು ಒತ್ತಿಗೆ ಐದು ಪ್ರಶ್ನೆ ಹಾರಿಹೋಗುವುದುಂಟು. ಮರೆಯಾಗುವುದು ಸರಿಯಾಗಿ ನಡೆದು, ಮೂಡುವುದು ಮಾತ್ರ ಧಡಕ್ಕನೆ ಆಗುವುದೂ ಉಂಟು. ಬೇಗ ಬೇಗ ಎರಡು ಸಲ ಒತ್ತಿದರೆ ಒಂದು ಪ್ರಶ್ನೆಯ ಕೆಳಗೆ ಇನ್ನೊಂದರ ಆಯ್ಕೆಗಳು ಬಂದು ಕೂರುತ್ತವೆ.

ಇವೆಲ್ಲವನ್ನೂ ‘ಅನಿಮೇಷನ್ ಸರಿಯಿಲ್ಲ’ ಎಂಬ ಒಂದೇ ದೂರಿನಲ್ಲಿ ಬರೆದು ಕಳುಹಿಸುತ್ತಾರೆ. ಆದರೆ ಪ್ರತಿಯೊಂದು ಲಕ್ಷಣದ ಕಾರಣವೂ ಬೇರೆ, ಪರಿಹಾರವೂ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದಾಗ ದೋಷ ವಾಸಿಯಾದಂತೆ ತೋರಿ, ಬೇರೆ ಫೋನಿನಲ್ಲೋ ಬೇರೆ ಬ್ರೌಸರಿನಲ್ಲೋ ಮತ್ತೆ ತಲೆಯೆತ್ತುತ್ತದೆ. ಹಾಗಾಗಿ ಕೋಡ್ ಮುಟ್ಟುವ ಮೊದಲು ಯಾವ ಹೆಜ್ಜೆ ಯಾವಾಗ ನಡೆಯಿತೆಂದು ನೋಡಿಕೊಳ್ಳಬೇಕು.

ಮೊದಲು ನಿಧಾನಗೊಳಿಸಿ ನೋಡುವುದು

400 ಮಿಲಿಸೆಕೆಂಡಿನಲ್ಲಿ ಮುಗಿದುಹೋಗುವುದನ್ನು ಬರಿಗಣ್ಣಿನಲ್ಲಿ ನೋಡಿ ತೀರ್ಮಾನಕ್ಕೆ ಬರಲಾಗದು. ಅನಿಮೇಷನ್ ಸಿಎಸ್‌ಎಸ್ (ಪುಟದ ರೂಪವನ್ನು ಹೇಳುವ ಭಾಷೆ) ಮೂಲಕ ನಡೆಯುತ್ತಿದ್ದರೆ ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿರುವ ಅನಿಮೇಷನ್ಸ್ ಫಲಕವನ್ನು ತೆರೆದು ವೇಗವನ್ನು ಶೇ. 10ಕ್ಕೆ ಇಳಿಸಬಹುದು. ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಸಿದ್ಧ ಕೋಡಿನ ಸಂಗ್ರಹವಾದ ಜೆಕ್ವೆರಿಯ ಫೇಡ್‌ಔಟ್ (ಮಸುಕಾಗಿಸುವ ಕರೆ) ಇದಕ್ಕೆ ಬಗ್ಗುವುದಿಲ್ಲ. ಅದು ಎಲಿಮೆಂಟಿನ (ಪುಟದ ಒಂದು ಘಟಕದ) ಸ್ಟೈಲನ್ನು ಜಾವಾಸ್ಕ್ರಿಪ್ಟ್‌ನಿಂದಲೇ ಕ್ಷಣಕ್ಷಣಕ್ಕೂ ತಿದ್ದುತ್ತಾ ಹೋಗುವುದರಿಂದ ಆ ಫಲಕದಲ್ಲಿ ಕಾಣಿಸುವುದೂ ಇಲ್ಲ. ಅಲ್ಲಿ ಅವಧಿಯನ್ನೇ ತಾತ್ಕಾಲಿಕವಾಗಿ 4000 ಎಂದು ಬರೆಯುವುದು ಸರಳ ದಾರಿ. ಫಲಕದಲ್ಲಿ ಏನೂ ಮೂಡದಿದ್ದರೆ ಅದೂ ಒಂದು ಸುಳಿವೇ: ಒಂದೋ ಅನಿಮೇಷನ್ ಜಾವಾಸ್ಕ್ರಿಪ್ಟ್‌ನದು, ಇಲ್ಲವೇ ಸಿಎಸ್‌ಎಸ್ ಟ್ರಾನ್ಸಿಶನ್ (ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಮೆಲ್ಲಗೆ ಸಾಗುವ ಬದಲಾವಣೆ) ಹುಟ್ಟಿಕೊಂಡೇ ಇಲ್ಲ.

ಜೊತೆಗೆ ಮೂರು ಕಡೆ ಕನ್ಸೋಲ್ ಲಾಗ್ ಹಾಕಿ, ಪ್ರತಿಯೊಂದರಲ್ಲೂ ಪರ್ಫಾರ್ಮೆನ್ಸ್ ನೌ ಎಂಬ ಕರೆ ಕೊಡುವ ಸಮಯವನ್ನು ಬರೆಸಬೇಕು: ಮಸುಕು ಶುರುವಾದಾಗ, ಪಠ್ಯ ಬದಲಾದಾಗ, ಮೂಡುವುದು ಶುರುವಾದಾಗ. ಮೊದಲೆರಡು ಸಾಲುಗಳ ನಡುವೆ ಒಂದೆರಡು ಮಿಲಿಸೆಕೆಂಡಷ್ಟೇ ಅಂತರವಿದ್ದರೆ ಪಠ್ಯ ಕಾಯುತ್ತಲೇ ಇಲ್ಲ ಎಂದರ್ಥ. ಎರಡನೆಯ ಸಾಲು ಬರದೇ ಇದ್ದರೆ ನಾವು ಕಾಯುತ್ತಿರುವ ಮುಕ್ತಾಯದ ಸೂಚನೆ ಬಂದಿಲ್ಲ. ಎರಡನೆಯ ಸಾಲು ಹಲವು ಸಲ ಬಂದರೆ ಸೂಚನೆ ಹೆಚ್ಚಾಗಿದೆ. ಮೂರೂ ಸಾಲುಗಳು ಕ್ರಮವಾಗಿ ಬಂದು ತೆರೆಯ ಮೇಲೆ ಮಾತ್ರ ತಪ್ಪು ಕಂಡರೆ ದೋಷವಿರುವುದು ಬ್ರೌಸರ್ ಚಿತ್ರ ಬಿಡಿಸುವ ಹಂತದಲ್ಲಿ. ಕೆಳಗಿನ ಭಾಗಗಳಲ್ಲಿ ಯಾವುದನ್ನು ಓದಬೇಕೆಂಬುದನ್ನು ಈ ಲಾಗ್ ತಿಳಿಸುತ್ತದೆ.

ಪಠ್ಯ ಕಾಯದೇ ಬದಲಾಗುತ್ತಿದ್ದರೆ

ಜೆಕ್ವೆರಿಯಲ್ಲಿ ಬರೆದ ಪುಟಗಳು ಇಂದಿಗೂ ಬಹಳಷ್ಟಿವೆ, ಮತ್ತು ಈ ದೋಷ ಅಲ್ಲಿ ಸರ್ವೇಸಾಮಾನ್ಯ. ಫೇಡ್‌ಔಟ್, ಎಚ್‌ಟಿಎಂಎಲ್, ಫೇಡ್‌ಇನ್ ಎಂಬ ಮೂರು ಕರೆಗಳನ್ನು ಚುಕ್ಕೆಯಿಂದ ಪೋಣಿಸಿ ಒಂದೇ ಸಾಲಿನಲ್ಲಿ ಬರೆದಿರುತ್ತಾರೆ. ಓದುವವರಿಗೆ ಅದು ಕ್ರಮವಾಗಿಯೇ ಕಾಣುತ್ತದೆ. ಆದರೆ ಫೇಡ್‌ಔಟ್ ಮಾಡುವುದು ಅನಿಮೇಷನ್ನನ್ನು ಎಲಿಮೆಂಟಿನ ಸರದಿಗೆ ಸೇರಿಸಿ ಆ ಕ್ಷಣವೇ ಮರಳುವುದನ್ನಷ್ಟೇ. ಫೇಡ್‌ಇನ್ ಕೂಡ ಅದೇ ಸರದಿಗೆ ಸೇರುವುದರಿಂದ ಅವೆರಡು ಒಂದಾದ ಮೇಲೊಂದು ನಡೆಯುತ್ತವೆ. ಪಠ್ಯ ಬದಲಿಸುವ ಎಚ್‌ಟಿಎಂಎಲ್ ಕರೆಗೆ ಸರದಿಯ ಹಂಗಿಲ್ಲ. ಅದು ನೇರವಾಗಿ ನಡೆದುಬಿಡುತ್ತದೆ. ಆದ್ದರಿಂದಲೇ ಮಸುಕಾಗುವುದು ಹೊಸ ಪ್ರಶ್ನೆ.

ಇದನ್ನು ಸರಿಪಡಿಸಲು ಮಧ್ಯೆ ಡಿಲೇ ಸೇರಿಸುವವರಿದ್ದಾರೆ. ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಡಿಲೇ ತಡೆಯುವುದು ಸರದಿಯಲ್ಲಿ ನಿಂತಿರುವವುಗಳನ್ನು ಮಾತ್ರ. ಪಠ್ಯ ಬದಲಿಸುವ ಕೆಲಸವನ್ನು ಫೇಡ್‌ಔಟ್‌ನ ಕಾಲ್‌ಬ್ಯಾಕ್‌ನೊಳಗೆ, ಅಂದರೆ ಅದು ಮುಗಿದ ಮೇಲೆ ನಡೆಯುವ ಫಂಕ್ಷನ್ನಿನೊಳಗೆ, ಬರೆಯಬೇಕು, ಇಲ್ಲವೇ ಕ್ಯೂ ಎಂಬ ಕರೆಯ ಮೂಲಕ ಅದನ್ನೂ ಸರದಿಯಲ್ಲಿ ನಿಲ್ಲಿಸಬೇಕು. ಎರಡನೆಯ ದಾರಿ ಹಿಡಿದರೆ, ಕೆಲಸ ಮುಗಿದ ಮೇಲೆ ಅದಕ್ಕೆ ಕೊಟ್ಟಿರುವ ನೆಕ್ಸ್ಟ್ ಎಂಬ ಫಂಕ್ಷನ್ನನ್ನು ಕರೆಯಲು ಮರೆಯಬಾರದು. ಮರೆತರೆ ಸರದಿ ಅಲ್ಲೇ ನಿಂತು ಚೌಕ ಮರಳಿ ಬರುವುದಿಲ್ಲ.

ಅಂದಾಜಿನ ಟೈಮರ್

ಕಾಲ್‌ಬ್ಯಾಕ್ ಬದಲು ಸೆಟ್‌ಟೈಮ್‌ಔಟ್ ಬಳಸಿ ‘400 ಮಿಲಿಸೆಕೆಂಡ್ ಕಳೆದ ಮೇಲೆ ಪಠ್ಯ ಬದಲಿಸು’ ಎಂದು ಬರೆದ ಪುಟಗಳು ಬರೆದವರ ಕಂಪ್ಯೂಟರಿನಲ್ಲಿ ಸರಿಯಾಗಿಯೇ ನಡೆಯುತ್ತವೆ. ಜೆಕ್ವೆರಿಯ ಸಹಜ ಅವಧಿ 400, ‘ಸ್ಲೋ’ ಎಂದರೆ 600, ‘ಫಾಸ್ಟ್’ ಎಂದರೆ 200. ನಾಳೆ ವಿನ್ಯಾಸಕಾರರು ಸಿಎಸ್‌ಎಸ್ ಕಡತದಲ್ಲಿ 0.4 ಸೆಕೆಂಡನ್ನು 0.6 ಮಾಡಿದರೆ ಜಾವಾಸ್ಕ್ರಿಪ್ಟ್‌ಗೆ ಅದರ ಸುದ್ದಿಯೇ ಇರುವುದಿಲ್ಲ. ಟ್ಯಾಬ್ ಹಿಂದೆ ಸರಿದಾಗ ಬ್ರೌಸರುಗಳು ಟೈಮರುಗಳನ್ನು ಸೆಕೆಂಡಿಗೊಮ್ಮೆ ಮಾತ್ರ ನಡೆಸುತ್ತವೆ. 2021ರಲ್ಲಿ ಬಂದ ಕ್ರೋಮ್ 88ರಿಂದ, ಐದು ನಿಮಿಷಕ್ಕಿಂತ ಹೆಚ್ಚು ಮರೆಯಲ್ಲಿರುವ ಟ್ಯಾಬಿನಲ್ಲಿ ಸರಣಿಯಾಗಿ ಓಡುವ ಟೈಮರುಗಳು ನಿಮಿಷಕ್ಕೊಮ್ಮೆಯಷ್ಟೇ ಏಳುವಂತಾಗಬಹುದು.

ತಾನಾಗಿಯೇ ಪ್ರಶ್ನೆ ಬದಲಿಸುವ ಪುಟಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಅವಾಂತರವೂ ಆಗುತ್ತದೆ. ಪ್ರತಿ ಸಲ ತೆರೆ ಬಿಡಿಸುವ ಮುನ್ನ ಕೋಡನ್ನು ನಡೆಸುವ ರಿಕ್ವೆಸ್ಟ್ ಅನಿಮೇಷನ್ ಫ್ರೇಮ್ ಮರೆಯ ಟ್ಯಾಬಿನಲ್ಲಿ ನಿಂತುಹೋಗುತ್ತದೆ, ಟೈಮರ್ ಮಾತ್ರ ಕುಂಟುತ್ತಾದರೂ ಓಡುತ್ತಲೇ ಇರುತ್ತದೆ. ಸರದಿಯಲ್ಲಿ ಅನಿಮೇಷನ್ನುಗಳು ಗುಡ್ಡೆಯಾಗಿ, ಓದುಗರು ಟ್ಯಾಬಿಗೆ ಮರಳಿದೊಡನೆ ಒಂದರ ಹಿಂದೊಂದು ಸಿಡಿಯುತ್ತವೆ. 2011ರಲ್ಲಿ ಜೆಕ್ವೆರಿ 1.6 ರಿಕ್ವೆಸ್ಟ್ ಅನಿಮೇಷನ್ ಫ್ರೇಮ್ ವಿಧಾನಕ್ಕೆ ಬದಲಾಗಿ, ಇದೇ ಕಾರಣಕ್ಕೆ ಅದೇ ವರ್ಷ 1.6.3ರಲ್ಲಿ ಹಿಂದೆ ಸರಿಯಿತು. ಮರಳಿ ಅಳವಡಿಸಿದ್ದು 2016ರ 3.0 ಆವೃತ್ತಿಯಲ್ಲಿ. ಜೆಕ್ವೆರಿ ಬರೆದವರನ್ನೇ ಕಾಡಿದ ದೋಷ ನಮ್ಮನ್ನು ಬಿಡುತ್ತದೆಯೇ? ಅಂದಾಜಿನ ಟೈಮರನ್ನು ತೆಗೆದುಹಾಕಿ, ಅನಿಮೇಷನ್ ತಾನೇ ಕೊಡುವ ಮುಕ್ತಾಯದ ಸೂಚನೆಗೆ ಪಠ್ಯವನ್ನು ಕಟ್ಟುವುದೇ ಸರಿ.

ಒಂದು ಒತ್ತಿಗೆ ಹಲವು ಬದಲಾವಣೆ

ಪ್ರಶ್ನೆ ಮತ್ತು ನಾಲ್ಕು ಆಯ್ಕೆಗಳು, ಹೀಗೆ ಐದು ಎಲಿಮೆಂಟುಗಳನ್ನು ಒಟ್ಟಿಗೆ ಹಿಡಿದು ಫೇಡ್‌ಔಟ್ ಮಾಡಿದರೆ ಅದರ ಕಾಲ್‌ಬ್ಯಾಕ್ ಒಟ್ಟಾಗಿ ಒಮ್ಮೆಯಲ್ಲ, ಪ್ರತಿ ಎಲಿಮೆಂಟಿಗೂ ಒಮ್ಮೆ ನಡೆಯುತ್ತದೆ. ಕಾಲ್‌ಬ್ಯಾಕ್‌ನಲ್ಲಿ ‘ಮುಂದಿನ ಪ್ರಶ್ನೆ ತಾ’ ಎಂದಿದ್ದರೆ ಐದು ಪ್ರಶ್ನೆ ಮುಂದೆ ಹೋದಂತೆಯೇ. ಪ್ರಾಮಿಸ್ ಎಂಬ ಕರೆಯನ್ನು ಹಚ್ಚಿ ಅದರ ಡನ್‌ನಲ್ಲಿ ಪಠ್ಯ ಬದಲಿಸಿದರೆ ಎಲ್ಲವೂ ಮುಗಿದ ಮೇಲೆ ಒಮ್ಮೆ ಮಾತ್ರ ನಡೆಯುತ್ತದೆ.

ಸಿಎಸ್‌ಎಸ್ ಬಳಸುವ ಪುಟಗಳಲ್ಲಿ ಇದರ ಜೋಡಿ ದೋಷವಿದೆ. ಟ್ರಾನ್ಸಿಶನ್‌ಎಂಡ್ ಎಂಬ ಇವೆಂಟ್ (ಟ್ರಾನ್ಸಿಶನ್ ಮುಗಿದಾಗ ಬ್ರೌಸರ್ ಕೊಡುವ ಸೂಚನೆ) ಪ್ರತಿ ಗುಣಕ್ಕೂ (ಪ್ರಾಪರ್ಟಿಗೂ) ಪ್ರತ್ಯೇಕವಾಗಿ ಬರುತ್ತದೆ: ಅಪಾರದರ್ಶಕತೆಯೂ (ಒಪಾಸಿಟಿ) ಸ್ಥಾನವೂ ಒಟ್ಟಿಗೆ ಬದಲಾದರೆ ಎರಡು, ಅಂಚಿನ ಬಣ್ಣವೂ ಸೇರಿದರೆ ನಾಲ್ಕು ಬದಿಗೆ ಇನ್ನೂ ನಾಲ್ಕು. ಸಾಲದ್ದಕ್ಕೆ ಅದು ಒಳಗಿನ ಎಲಿಮೆಂಟುಗಳಿಂದ ಮೇಲಕ್ಕೆ ಏರಿಬರುವ ಇವೆಂಟ್. ಚೌಕದೊಳಗಿನ ಬಟನ್ ಮೇಲೆ ಮೌಸ್ ಹಾಯ್ದು ಅದರ ಬಣ್ಣ ಬದಲಾದದ್ದೂ ಚೌಕಕ್ಕೆ ಕೇಳಿಸುತ್ತದೆ, ಚೌಕ ಅದನ್ನು ತನ್ನದೇ ಮುಕ್ತಾಯವೆಂದು ತಿಳಿಯುತ್ತದೆ. ಆದ್ದರಿಂದ ಈ ಇವೆಂಟಿಗೆ ಓಗೊಡುವ ಫಂಕ್ಷನ್ನಿನ, ಅಂದರೆ ಹ್ಯಾಂಡ್ಲರಿನ, ಮೊದಲ ಸಾಲಿನಲ್ಲೇ ಎರಡು ತಪಾಸಣೆ ಇರಬೇಕು: ಇವೆಂಟಿನ ಟಾರ್ಗೆಟ್ ಈ ಚೌಕವೇ ಹೌದೇ, ಪ್ರಾಪರ್ಟಿನೇಮ್ ನಾವು ಕಾಯುತ್ತಿದ್ದ ಒಪಾಸಿಟಿಯೇ ಹೌದೇ.

ಚೌಕ ಮರಳಿ ಬರದಿದ್ದರೆ

ಎಲ್ಲಕ್ಕಿಂತ ಕೆಟ್ಟದ್ದು ಇದು. ಕ್ರಮ ತಪ್ಪಿದರೆ ಪುಟ ಅಸಹ್ಯವಾಗಿ ಕಾಣುತ್ತದೆ, ಅಷ್ಟೇ. ಸೂಚನೆ ಬಾರದಿದ್ದರೆ ಓದುಗರಿಗೆ ಪುಟವೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಈ ವಿಷಯದ ಅಡಿಪಾಯವೇ ಇಲ್ಲಿದೆ: ಅನಿಮೇಷನ್ ನಡೆಯಲಿ, ಬಿಡಲಿ, ನಡುವೆ ಕಡಿದುಹೋಗಲಿ, ಪಠ್ಯ ಬದಲಾಗಲೇಬೇಕು. ಪಠ್ಯವನ್ನು ಅನಿಮೇಷನ್ನಿನ ಯಶಸ್ಸಿಗೆ ಕಟ್ಟಬಾರದು, ಅದರ ಮುಕ್ತಾಯಕ್ಕೆ ಕಟ್ಟಬೇಕು, ಆ ಮುಕ್ತಾಯ ಯಾವ ಬಗೆಯದಾದರೂ ಸರಿ.

ಜೆಕ್ವೆರಿಯಲ್ಲಿ ನೋಡಬೇಕಾದವು ಎರಡು. ಎಲಿಮೆಂಟುಗಳನ್ನು ಹುಡುಕಿಕೊಡುವ ಸೆಲೆಕ್ಟರ್ ತಪ್ಪಿ ಒಂದೂ ಎಲಿಮೆಂಟ್ ಸಿಗದಿದ್ದರೆ ಫೇಡ್‌ಔಟ್ ದೋಷವನ್ನೇನೂ ವರದಿ ಮಾಡದೆ ಸುಮ್ಮನೆ ಮರಳುತ್ತದೆ, ಕಾಲ್‌ಬ್ಯಾಕ್ ಒಮ್ಮೆಯೂ ನಡೆಯುವುದಿಲ್ಲ. ಕನ್ಸೋಲ್‌ನಲ್ಲಿ ಆ ಸೆಲೆಕ್ಟರಿಗೆ ಸಿಕ್ಕವುಗಳ ಲೆಂತ್ (ಎಣಿಕೆ) ಸೊನ್ನೆಯೇ ಎಂದು ನೋಡಿದರೆ ಗೊತ್ತಾಗುತ್ತದೆ. ಮೇಲೆ ಹೇಳಿದ ಪ್ರಾಮಿಸ್ ವಿಧಾನ ಇಲ್ಲೂ ಕಾಪಾಡುತ್ತದೆ: ಕಾಯಲು ಏನೂ ಇಲ್ಲದಿದ್ದರೆ ಅದು ತಕ್ಷಣ ಮುಂದುವರಿಯುತ್ತದೆ. ಎರಡನೆಯದು, ಬೇರೆಲ್ಲೋ ಯಾರೋ ಬರೆದ ಸ್ಟಾಪ್ ಕರೆ. ಬರಿಯ ಸ್ಟಾಪ್ ನಡೆಯುತ್ತಿರುವ ಅನಿಮೇಷನ್ನನ್ನು ಇದ್ದಲ್ಲೇ ನಿಲ್ಲಿಸುತ್ತದೆ, ಅದರ ಕಾಲ್‌ಬ್ಯಾಕ್ ನಡೆಯುವುದಿಲ್ಲ. ಅರ್ಧ ಮಸುಕಾದ ಚೌಕ ಹಾಗೇ ಉಳಿಯುತ್ತದೆ.

ಸಿಎಸ್‌ಎಸ್ ಟ್ರಾನ್ಸಿಶನ್‌ಗಳಲ್ಲಿ ಕಾರಣಗಳು ಹೆಚ್ಚು. ಗುಣದ ಬೆಲೆ (ವ್ಯಾಲ್ಯೂ) ಬದಲಾಗದಿದ್ದರೆ, ಅಂದರೆ ಚೌಕ ಆಗಲೇ ಮಸುಕಾಗಿದ್ದು ಮತ್ತೆ ಮಸುಕಾಗು ಎಂದರೆ, ಟ್ರಾನ್ಸಿಶನ್ ಹುಟ್ಟುವುದಿಲ್ಲ, ಹುಟ್ಟದ್ದಕ್ಕೆ ಮುಕ್ತಾಯವೂ ಇಲ್ಲ. ಅವಧಿ ಸೊನ್ನೆಯಾಗಿದ್ದರೂ ಹಾಗೆಯೇ. ಚಲನೆ ಬೇಡವೆಂದು ತಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡವರಿಗಾಗಿ ನಾವೇ ಸಿಎಸ್‌ಎಸ್‌ನಲ್ಲಿ ಟ್ರಾನ್ಸಿಶನ್ ತೆಗೆದುಹಾಕಿರುತ್ತೇವೆ. ತಲೆಸುತ್ತು ಬರುವವರಿಗೆಂದು ಮಾಡಿದ ಆ ಸೌಕರ್ಯವೇ ಅವರಿಗೆ ಪುಟ ಕಾಣದಂತೆ ಮಾಡುತ್ತದೆ. ಕೆಲವರು ಅವಧಿಯನ್ನು ಸೊನ್ನೆ ಮಾಡದೆ 0.01 ಮಿಲಿಸೆಕೆಂಡ್ ಎಂದು ಬರೆಯುವುದು ಇದೇ ಕಾರಣಕ್ಕೆ: ಕಣ್ಣಿಗೆ ಚಲನೆ ಕಾಣದು, ಇವೆಂಟ್ ಮಾತ್ರ ಬರುತ್ತದೆ. ಇನ್ನು ಮಸುಕಾಗುತ್ತಿರುವಾಗಲೇ ಚೌಕವನ್ನು ತೆರೆಯಿಂದ ಪೂರ್ತಿ ತೆಗೆದುಬಿಡುವ ಡಿಸ್‌ಪ್ಲೇ ನನ್ ಹಾಕಿದರೆ ಟ್ರಾನ್ಸಿಶನ್ ರದ್ದಾಗಿ, ಎಂಡ್ ಬದಲು ಟ್ರಾನ್ಸಿಶನ್‌ಕ್ಯಾನ್ಸಲ್ ಬರುತ್ತದೆ.

ಇವುಗಳಲ್ಲಿ ಯಾವುದೆಂದು ತಿಳಿಯಲು ಎಲಿಮೆಂಟ್ಸ್ ಫಲಕದಲ್ಲಿ ಚೌಕವನ್ನು ಆರಿಸಿಕೊಂಡು, ಕನ್ಸೋಲ್‌ನಲ್ಲಿ ಮಾನಿಟರ್‌ಇವೆಂಟ್ಸ್ ಎಂಬ ಆದೇಶಕ್ಕೆ ಟ್ರಾನ್ಸಿಶನ್‌ನ ನಾಲ್ಕೂ ಇವೆಂಟುಗಳ ಹೆಸರು ಕೊಡಬೇಕು: ರನ್, ಸ್ಟಾರ್ಟ್, ಎಂಡ್, ಕ್ಯಾನ್ಸಲ್. ಬಟನ್ ಒತ್ತಿದಾಗ ರನ್ ಕೂಡ ಬರದಿದ್ದರೆ ಟ್ರಾನ್ಸಿಶನ್ ಹುಟ್ಟಿಲ್ಲ. ಬೆಲೆಯನ್ನೂ ಅವಧಿಯನ್ನೂ ನೋಡಬೇಕು. ರನ್ ಬಂದು ಸ್ಟಾರ್ಟ್ ತಡವಾದರೆ ಡಿಲೇ ಇದೆ. ಕ್ಯಾನ್ಸಲ್ ಬಂದರೆ ಯಾರೋ ನಡುವೆ ಕೈಹಾಕಿದ್ದಾರೆ.

ನಾನು ಶಿಫಾರಸು ಮಾಡುವ ಪರಿಹಾರ ಇವೆಂಟನ್ನು ಕಾಯುವುದನ್ನೇ ಬಿಟ್ಟು, ಮಸುಕಾಗಿಸುವ ಸಿಎಸ್‌ಎಸ್ ಕ್ಲಾಸನ್ನು ಚೌಕಕ್ಕೆ ಹಚ್ಚಿದ ಕೂಡಲೇ ಆ ಎಲಿಮೆಂಟಿನ ಮೇಲೆ ಗೆಟ್‌ಅನಿಮೇಷನ್ಸ್ ಕರೆಯುವುದು. ಅದು ಬಾಕಿ ಇರುವ ಸ್ಟೈಲ್ ಬದಲಾವಣೆಗಳನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಂಡು, ಆಗ ನಡೆಯುತ್ತಿರುವ ಅನಿಮೇಷನ್ನುಗಳ ಪಟ್ಟಿಯನ್ನು ಕೊಡುತ್ತದೆ. ಪ್ರತಿಯೊಂದಕ್ಕೂ ಫಿನಿಶ್ಡ್ ಎಂಬ ಪ್ರಾಮಿಸ್, ಅಂದರೆ ಕೆಲಸ ಮುಗಿದಿತೋ ಕೆಟ್ಟಿತೋ ಎಂದು ಮುಂದೆ ತಿಳಿಸುವ ವಸ್ತು, ಇದೆ. ಅವನ್ನೆಲ್ಲ ಪ್ರಾಮಿಸ್ ಆಲ್‌ಸೆಟಲ್ಡ್‌ಗೆ ಒಪ್ಪಿಸಿ, ಅದರ ಬಳಿಕ ಪಠ್ಯ ಬದಲಿಸಬೇಕು. ಆಲ್ ಬಳಸದೆ ಆಲ್‌ಸೆಟಲ್ಡ್ ಬಳಸಲು ಕಾರಣವಿದೆ: ಅನಿಮೇಷನ್ ರದ್ದಾದಾಗ ಫಿನಿಶ್ಡ್ ಪ್ರಾಮಿಸ್ ಅಬಾರ್ಟ್‌ಎರರ್ ಎಂಬ ದೋಷದೊಂದಿಗೆ ತಿರಸ್ಕೃತವಾಗುತ್ತದೆ, ಆಲ್ ಅಲ್ಲಿಯೇ ಮುರಿದುಬೀಳುತ್ತದೆ, ಆಲ್‌ಸೆಟಲ್ಡ್ ಅದನ್ನೂ ಒಂದು ಮುಕ್ತಾಯವೆಂದೇ ಎಣಿಸುತ್ತದೆ. ಪಟ್ಟಿ ಖಾಲಿ ಇದ್ದರೆ ಕಾಯುವ ಪ್ರಶ್ನೆಯೇ ಇಲ್ಲ. ಒಂದು ಎಚ್ಚರಿಕೆ: ಸಬ್‌ಟ್ರೀ ಆಯ್ಕೆ ಕೊಟ್ಟು ಒಳಗಿನ ಎಲಿಮೆಂಟುಗಳ ಅನಿಮೇಷನ್ನುಗಳನ್ನೂ ಸೇರಿಸಿಕೊಂಡರೆ, ಒಳಗೆಲ್ಲೋ ಸದಾ ತಿರುಗುತ್ತಿರುವ ಲೋಡಿಂಗ್ ಚಕ್ರ ಇರಬಹುದು. ಕೊನೆಯಿಲ್ಲದ ಅನಿಮೇಷನ್ನಿನ ಫಿನಿಶ್ಡ್ ಎಂದಿಗೂ ಈಡೇರುವುದಿಲ್ಲ. ಅಂಥವನ್ನು ಸೋಸಿ ತೆಗೆಯಬೇಕು.

ಮೂಡುವುದು ಮಾತ್ರ ಧಡಕ್ಕನೆ ಆದರೆ

ಲಾಗ್ ಸರಿಯಾಗಿದೆ, ಪಠ್ಯವೂ ಸರಿಯಾದ ಹೊತ್ತಿಗೆ ಬದಲಾಗಿದೆ, ಆದರೆ ಹೊಸ ಪ್ರಶ್ನೆ ಮೆಲ್ಲಗೆ ಮೂಡುತ್ತಿಲ್ಲ. ಜಾವಾಸ್ಕ್ರಿಪ್ಟ್‌ನ ಒಂದು ಕೆಲಸ ಪೂರ್ತಿ ಮುಗಿಯುವವರೆಗೆ ಬ್ರೌಸರ್ ಸಾಮಾನ್ಯವಾಗಿ ಸ್ಟೈಲನ್ನು ಲೆಕ್ಕಹಾಕುವುದೂ ಇಲ್ಲ, ಚಿತ್ರ ಬಿಡಿಸುವುದೂ ಇಲ್ಲ. ಹೊಸ ಎಲಿಮೆಂಟನ್ನು ಒಪಾಸಿಟಿ ಸೊನ್ನೆಯೊಂದಿಗೆ ಸೇರಿಸಿ, ಮುಂದಿನ ಸಾಲಿನಲ್ಲೇ ಅದನ್ನು 1ಕ್ಕೆ ಏರಿಸಿದರೆ ಬ್ರೌಸರ್‌ಗೆ ಕಾಣುವುದು ಕೊನೆಯ ಬೆಲೆ ಮಾತ್ರ. ಎಲ್ಲಿಂದ ಶುರುವಾಗಬೇಕೆಂದೇ ತಿಳಿಯದ ಮೇಲೆ ಟ್ರಾನ್ಸಿಶನ್ ಹೇಗೆ ಹುಟ್ಟೀತು? ಎರಡರ ನಡುವೆ ಪ್ರಾಮಿಸ್ ಹಾಕಿ ಕಾದರೂ ಬದಲಾಗದು, ಏಕೆಂದರೆ ಪ್ರಾಮಿಸ್‌ಗಳ ಸರದಿ ಮುಗಿದ ನಂತರವೇ ಚಿತ್ರ ಬಿಡಿಸುವ ಹಂತ ಬರುತ್ತದೆ.

ನಡುವೆ ಎಲಿಮೆಂಟಿನ ಆಫ್‌ಸೆಟ್‌ಹೈಟ್ ಓದಿದರೆ ಬ್ರೌಸರ್ ಆ ಕ್ಷಣದ ಸ್ಟೈಲನ್ನು ಲೆಕ್ಕಹಾಕಲೇಬೇಕಾಗುತ್ತದೆ. ಅದೇ ಆರಂಭದ ಬೆಲೆಯಾಗುತ್ತದೆ. ಓದಿದ ಬೆಲೆಯನ್ನು ಯಾವುದಕ್ಕೂ ಬಳಸದ ಆ ಸಾಲನ್ನು ನೋಡಿ ಮುಂದೆ ಯಾರಾದರೂ ‘ವ್ಯರ್ಥ’ ಎಂದು ಅಳಿಸಿಯಾರು, ಆದ್ದರಿಂದ ಪಕ್ಕದಲ್ಲಿ ಒಂದು ಟಿಪ್ಪಣಿ ಇರಲಿ. ಹೊಸ ಬ್ರೌಸರುಗಳಲ್ಲಿ ಸ್ಟಾರ್ಟಿಂಗ್ ಸ್ಟೈಲ್ ಎಂಬ ಸಿಎಸ್‌ಎಸ್ ನಿಯಮದಿಂದ ಆರಂಭದ ಬೆಲೆಯನ್ನು ನೇರವಾಗಿಯೇ ಹೇಳಬಹುದು. 2023ರಲ್ಲಿ ಕ್ರೋಮ್ 117ರಲ್ಲಿ ಬಂದ ಇದು 2024ರ ಹೊತ್ತಿಗೆ ಸಫಾರಿ, ಫೈರ್‌ಫಾಕ್ಸ್‌ಗಳಿಗೂ ಬಂದಿತು.

ಕನ್ನಡ ಪುಟಗಳಲ್ಲಿ ಇದನ್ನೇ ಹೋಲುವ ಇನ್ನೊಂದು ಜಿಗಿತವಿದೆ, ಅದಕ್ಕೂ ಅನಿಮೇಷನ್ನಿಗೂ ಸಂಬಂಧವಿಲ್ಲ. ವೆಬ್ ಫಾಂಟುಗಳನ್ನು ಯೂನಿಕೋಡ್ ವ್ಯಾಪ್ತಿಯ ಪ್ರಕಾರ ಹಂಚಿಟ್ಟಿದ್ದರೆ, ಕನ್ನಡ ಅಕ್ಷರ ಪುಟದಲ್ಲಿ ಮೊದಲ ಸಲ ಕಾಣಿಸಿಕೊಂಡಾಗಲೇ ಕನ್ನಡ ಫಾಂಟ್ ಇಳಿಯಲು ಶುರುವಾಗುತ್ತದೆ. ಮೊದಲ ತೆರೆಯಲ್ಲಿ ಇಂಗ್ಲಿಷ್ ಮಾತ್ರ ಇದ್ದು, ಮೊದಲ ಕನ್ನಡ ಪ್ರಶ್ನೆ ಬಟನ್ ಒತ್ತಿದ ಮೇಲೆ ಬಂದರೆ, ಅದು ಅರ್ಧ ಮೂಡಿರುವಾಗ ಫಾಂಟ್ ಬದಲಾಗಿ ಸಾಲುಗಳು ಮುರಿದು ಚೌಕದ ಎತ್ತರವೇ ಬೇರೆಯಾಗುತ್ತದೆ. ಪುಟ ತೆರೆದಾಗಲೇ ಡಾಕ್ಯುಮೆಂಟಿನ ಫಾಂಟ್ಸ್ ಲೋಡ್ ಕರೆಗೆ ಫಾಂಟಿನ ಹೆಸರಿನ ಜೊತೆ ಒಂದು ಕನ್ನಡ ಅಕ್ಷರವನ್ನೂ ಕೊಟ್ಟರೆ ಆ ಭಾಗ ಮೊದಲೇ ಇಳಿದಿರುತ್ತದೆ. ಒಂದೊಂದೇ ಅಕ್ಷರ ಮೂಡಿಸುವ ಟೈಪ್‌ರೈಟರ್ ಶೈಲಿಗೂ ಕನ್ನಡದಲ್ಲಿ ಇಂಥದೇ ತೊಡಕು: ‘ಸ್ತ್ರೀ’ ಎಂಬ ಒಂದೇ ಅಕ್ಷರದೊಳಗೆ 6 ಯೂನಿಕೋಡ್ ಸಂಕೇತಗಳಿವೆ, ಒಂದೊಂದನ್ನೇ ಬೇರೆ ಬೇರೆ ಸ್ಪ್ಯಾನ್ ಎಂಬ ಎಲಿಮೆಂಟಿಗೆ ಹಾಕಿದರೆ ಒತ್ತು ದೀರ್ಘಗಳೆಲ್ಲ ಚದುರಿಹೋಗುತ್ತವೆ. ಪದ ಪದವಾಗಿ ಮೂಡಿಸುವುದೇ ಕ್ಷೇಮ.

ಪ್ರಶ್ನೆ ಒಂದರದು, ಆಯ್ಕೆ ಇನ್ನೊಂದರದು

ಇದು ಸರ್ವರ್‌ನಿಂದ ಪಠ್ಯ ತರಿಸುವ ಪುಟಗಳ ದೋಷ. ಎರಡು ಸಲ ಒತ್ತಿದಾಗ ಎರಡು ವಿನಂತಿಗಳು ಹೋಗುತ್ತವೆ, ಉತ್ತರಗಳು ಅದೇ ಕ್ರಮದಲ್ಲಿ ಬರಬೇಕೆಂದೇನಿಲ್ಲ. ನೆಟ್‌ವರ್ಕ್ ಫಲಕದಲ್ಲಿ ವೇಗವನ್ನು ಕುಗ್ಗಿಸಿ ಬೇಗ ಬೇಗ ಒತ್ತಿದರೆ ಸುಲಭವಾಗಿ ಮರುಕಳಿಸುತ್ತದೆ. ಪ್ರತಿ ಒತ್ತಿಗೂ ಏರುವ ಒಂದು ಸಂಖ್ಯೆಯನ್ನು ಇಟ್ಟುಕೊಂಡು, ಉತ್ತರ ಬಂದಾಗಲೂ ಮಸುಕು ಮುಗಿದಾಗಲೂ ‘ನನ್ನ ಸಂಖ್ಯೆಯೇ ಈಗಲೂ ಕೊನೆಯದೇ’ ಎಂದು ನೋಡಬೇಕು. ಅಲ್ಲವಾದರೆ ಅಲ್ಲಿಗೇ ಬಿಡಬೇಕು. ಅಬಾರ್ಟ್‌ಕಂಟ್ರೋಲರ್‌ನಿಂದ ಹಳೆಯ ವಿನಂತಿಯನ್ನು ರದ್ದುಮಾಡುವುದು ಒಳ್ಳೆಯದೇ, ಆದರೆ ಸಂಖ್ಯೆಯ ತಪಾಸಣೆಗೆ ಅದು ಬದಲಿಯಲ್ಲ, ಏಕೆಂದರೆ ಉತ್ತರ ಬಂದಾಗಿ ಮಸುಕು ಮಾತ್ರ ಬಾಕಿ ಇರುವ ಹಂತದಲ್ಲಿ ರದ್ದುಮಾಡಲು ವಿನಂತಿಯೇ ಉಳಿದಿರುವುದಿಲ್ಲ. ಮಸುಕು ಮುಗಿದ ಮೇಲೆ ಪಠ್ಯ ತರಿಸುವ ಬದಲು ಎರಡನ್ನೂ ಒಟ್ಟಿಗೆ ಶುರುಮಾಡಿ, ಎರಡೂ ಮುಗಿಯುವವರೆಗೆ ಕಾದರೆ ಓದುಗರ ಕಾಯುವಿಕೆಯೂ ಕಡಿಮೆಯಾಗುತ್ತದೆ. ಜೆಕ್ವೆರಿಯಲ್ಲಿ ಸ್ಟಾಪ್‌ಗೆ ಎರಡು ಟ್ರೂ ಕೊಟ್ಟು ಹಳೆಯದನ್ನು ಕೊನೆಗೆ ಹಾರಿಸುವವರು ನೆನಪಿಡಬೇಕು: ಆಗ ಕಡಿದ ಅನಿಮೇಷನ್ನಿನ ಕಾಲ್‌ಬ್ಯಾಕ್ ನಡೆದೇ ನಡೆಯುತ್ತದೆ, ಸಂಖ್ಯೆಯ ತಪಾಸಣೆ ಅದರೊಳಗೂ ಇರಬೇಕು.

ವ್ಯೂ ಟ್ರಾನ್ಸಿಶನ್ ಬಳಸಿದರೆ

ಹೊಸದಾಗಿ ಬರೆಯುವ ಪುಟವಾದರೆ ಸ್ಟಾರ್ಟ್‌ವ್ಯೂಟ್ರಾನ್ಸಿಶನ್ ಈ ಕ್ರಮದ ಹೊಣೆಯನ್ನು ಬಹುಮಟ್ಟಿಗೆ ಬ್ರೌಸರಿಗೇ ವಹಿಸುತ್ತದೆ. ಅದು ಹಳೆಯ ಸ್ಥಿತಿಯ ಚಿತ್ರ ಹಿಡಿದು, ನಾವು ಕೊಟ್ಟ ಫಂಕ್ಷನ್ನನ್ನು ನಡೆಸಿ, ಹೊಸ ಸ್ಥಿತಿಗೆ ಬೆರೆಸುತ್ತದೆ. ಕ್ರೋಮ್ 111ರಲ್ಲಿ 2023ರಲ್ಲೂ ಸಫಾರಿ 18ರಲ್ಲಿ 2024ರಲ್ಲೂ ಬಂದಿತು. ಇದರಲ್ಲಿ ನನಗೆ ಹಿಡಿಸಿದ್ದು, ಅನಿಮೇಷನ್ ಯಾವುದೇ ಕಾರಣಕ್ಕೆ ಕೈಬಿಟ್ಟುಹೋದರೂ ಪಠ್ಯ ಬದಲಿಸುವ ಫಂಕ್ಷನ್ ನಡೆದೇ ತೀರುತ್ತದೆ ಎಂಬುದು.

ಇಲ್ಲಿಯ ದೋಷಗಳು ಕಡಿಮೆ, ಆದರೆ ಇವೆ. ಅನಿಮೇಷನ್ ಕಾಣದೆ ಪಠ್ಯ ಮಾತ್ರ ಬದಲಾದರೆ ಒಂದೇ ವ್ಯೂ ಟ್ರಾನ್ಸಿಶನ್ ಹೆಸರು ಎರಡು ಎಲಿಮೆಂಟುಗಳಿಗಿದೆಯೇ ಎಂದು ಮೊದಲು ನೋಡಬೇಕು. ರೆಡಿ ಎಂಬ ಪ್ರಾಮಿಸ್ ತಿರಸ್ಕೃತವಾಗಿ ಕನ್ಸೋಲ್‌ನಲ್ಲಿ ಸಂದೇಶ ಬಿದ್ದಿರುತ್ತದೆ. ಪುಟ ಕೆಲಕಾಲ ಹೆಪ್ಪುಗಟ್ಟಿದಂತಾದರೆ ಸರ್ವರ್‌ನಿಂದ ಪಠ್ಯ ತರಿಸುವ ಕೆಲಸ ಆ ಫಂಕ್ಷನ್ನಿನೊಳಗೇ ಸೇರಿಕೊಂಡಿದೆ, ಏಕೆಂದರೆ ಅದು ಮುಗಿಯುವವರೆಗೆ ಬ್ರೌಸರ್ ತೆರೆಯನ್ನು ಹೊಸದಾಗಿ ಬಿಡಿಸುವುದಿಲ್ಲ. ಪಠ್ಯವನ್ನು ಮೊದಲು ತರಿಸಿಕೊಂಡು ನಂತರ ಕರೆಯಬೇಕು. ಹೊಸ ಪ್ರಶ್ನೆಯ ಮೊದಲ ಆಯ್ಕೆಗೆ ಫೋಕಸ್ ಕೊಡುವಂಥ ಕೆಲಸಗಳನ್ನು ಅಪ್‌ಡೇಟ್‌ಕಾಲ್‌ಬ್ಯಾಕ್‌ಡನ್ ಎಂಬ ಪ್ರಾಮಿಸ್‌ಗೆ ಕಟ್ಟಬೇಕೇ ಹೊರತು ಅನಿಮೇಷನ್ ಮುಗಿಯುವ ಫಿನಿಶ್ಡ್‌ಗಲ್ಲ.

ತಿದ್ದಿದ ಪುಟವನ್ನು ಪರೀಕ್ಷಿಸುವಾಗ ಒಮ್ಮೆ ಡೆವಲಪರ್ ಟೂಲ್ಸ್‌ನ ರೆಂಡರಿಂಗ್ ಫಲಕದಲ್ಲಿ ಚಲನೆ ಕಡಿಮೆ ಮಾಡುವ ಆಯ್ಕೆಯನ್ನು ಹಾಕಿ, ಒಮ್ಮೆ ಸಿಪಿಯು ವೇಗವನ್ನು ಆರು ಪಟ್ಟು ಕುಗ್ಗಿಸಿ, ಒಮ್ಮೆ ಮಸುಕಿನ ನಡುವೆಯೇ ಬೇರೆ ಟ್ಯಾಬಿಗೆ ಹೋಗಿ ಮರಳಿ, ಒಮ್ಮೆ ಬಟನ್ನನ್ನು ಮೇಲಿಂದ ಮೇಲೆ ಒತ್ತಿ ನೋಡಬೇಕು. ನಾಲ್ಕೂ ಸಂದರ್ಭಗಳಲ್ಲಿ ಅನಿಮೇಷನ್ ಹೇಗಾದರೂ ಕಾಣಲಿ, ಕೊನೆಗೆ ಚೌಕದಲ್ಲಿ ಉಳಿಯುವ ಪ್ರಶ್ನೆಯೂ ಅದರ ಆಯ್ಕೆಗಳೂ ಕೊನೆಯ ಒತ್ತಿಗೆ ಬಂದವೇ ಆಗಿದ್ದರೆ ಕೋಡನ್ನು ಮುಖ್ಯ ಶಾಖೆಗೆ ಸೇರಿಸಬಹುದು.